ಪರಿಸರ ಕ್ಷೇತ್ರದಲ್ಲಿ ಕೆಲಸ ಹುಡುಕುವುದು ಹೇಗೆ? ಮಂಗಳೂರು, ಉಡುಪಿಯ ಕಾಲೇಜು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಉದ್ಯೋಗದ ಜಾಹೀರಾತುಗಳಲ್ಲಿ ‘ಪರಿಸರ’ ಅಂತ ಹುಡುಕಿದರೆ ಸಿಗುವುದು ಕಡಿಮೆ. ಹಾಗಂತ ಕೆಲಸವೇ ಇಲ್ಲ ಅಂದುಕೊಳ್ಳಬೇಡಿ. ಬೈಕಂಪಾಡಿಯ ಕಾರ್ಖಾನೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಘಟಕ ನೋಡಿಕೊಳ್ಳುವವರು, ಉಳ್ಳಾಲದಲ್ಲಿ ಕಡಲ್ಕೊರೆತ ಅಳೆಯುವವರು, ಬ್ಯಾಂಕಿನ ವಾರ್ಷಿಕ ವರದಿಗೆ ವಿದ್ಯುತ್ ಬಳಕೆಯ ಲೆಕ್ಕ ಕೂಡಿಸುವವರು, ಪಂಚಾಯತಿನ ಒಣ ಕಸದ ಘಟಕ ನಡೆಸುವವರು, ಎಲ್ಲರೂ ಈ ಕ್ಷೇತ್ರದವರೇ. ಹುದ್ದೆಯ ಹೆಸರು ಮಾತ್ರ ಬೇರೆ ಬೇರೆ.

ಕರಾವಳಿಯಲ್ಲಿ ಓದುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಬಂದರು, ರಿಫೈನರಿ, ರಸಗೊಬ್ಬರ ಕಾರ್ಖಾನೆ, ನದಿ, ಅಳಿವೆ, ಮೀನುಗಾರಿಕೆ, ಘಟ್ಟದ ಕಾಡು, ಎಲ್ಲವೂ ಒಂದೆರಡು ಗಂಟೆಯ ಬಸ್ ದಾರಿಯಲ್ಲೇ ಸಿಗುತ್ತವೆ. ದೊಡ್ಡ ಊರಿನ ವಿದ್ಯಾರ್ಥಿಗಳು ಇದಕ್ಕಾಗಿ ರೈಲು ಹತ್ತಬೇಕು. ಆದ್ದರಿಂದ ಬೆಂಗಳೂರಿಗೆ ಹೋದ ಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ಪದವಿ ಓದುತ್ತಿರುವಾಗಲೇ, ಇಲ್ಲಿಂದಲೇ ಶುರು ಮಾಡಿ. ಹೇಗೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ಸಮಸ್ಯೆ ಆರಿಸಿ, ಹುದ್ದೆ ಆಮೇಲೆ

‘ನಾನು ಏನಾಗಬೇಕು?’ ಅಂತ ಕೇಳಿಕೊಂಡರೆ ತಲೆ ಕೆಡುತ್ತದೆ. ‘ನನ್ನನ್ನು ಕಾಡುವ ಸಮಸ್ಯೆ ಯಾವುದು?’ ಅಂತ ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

2019ರ ಆಗಸ್ಟ್ ಮಳೆಯಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ, ಕೆಳಗಿನ ಮಂದಾರದ ತೋಟ ಮತ್ತು ಮನೆಗಳತ್ತ ಬಂತು. ಅಡಿಕೆ, ತೆಂಗಿನ ಮರಗಳು ಕಸದಡಿ ಹೋದವು. ಜನ ಮನೆ ಬಿಡಬೇಕಾಯಿತು. ಈ ಒಂದೇ ಘಟನೆಗೆ ಎಷ್ಟು ಬಗೆಯ ಜನ ಬೇಕು ನೋಡಿ. ರಾಶಿಯ ಇಳಿಜಾರು ಎಷ್ಟಿದ್ದರೆ ಸುರಕ್ಷಿತ ಅಂತ ಹೇಳಲು ಸಿವಿಲ್ ಎಂಜಿನಿಯರ್ ಬೇಕು. ಕಸದಿಂದ ಒಸರುವ ನೀರು ಬಾವಿಗೆ ಸೇರಿದೆಯೇ ಅಂತ ನೋಡಲು ರಸಾಯನಶಾಸ್ತ್ರ ಓದಿದವರು ಬೇಕು. ಪರಿಹಾರದ ವಿಷಯಕ್ಕೆ ವಕೀಲರು ಬೇಕು. ಕುಟುಂಬಗಳ ಜೊತೆ ಕೂತು ಮಾತಾಡಲು ಸಮಾಜಕಾರ್ಯ ಓದಿದವರು ಬೇಕು. ಊರಿನ ಕಸ ಮನೆಯಲ್ಲೇ ಬೇರೆಯಾಗುವಂತೆ ಮಾಡಲು ಲೆಕ್ಕ, ಸಂಘಟನೆ, ವ್ಯವಹಾರ ಗೊತ್ತಿರುವವರು ಬೇಕು. ಸಮಸ್ಯೆ ಒಂದೇ, ಪದವಿಗಳು ಐದಾರು.

ಬೇರೆ ಸಮಸ್ಯೆಗಳೂ ಹತ್ತಿರದಲ್ಲೇ ಇವೆ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಆದರೂ ಮಂಗಳೂರು ಬೇಸಿಗೆಯಲ್ಲಿ ತುಂಬೆಯ ಕಿಂಡಿ ಅಣೆಕಟ್ಟಿನ ನೀರಿನ ಮಟ್ಟ ನೋಡುತ್ತಾ ಕೂರುತ್ತದೆ, ಉಡುಪಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ಮಟ್ಟ ನೋಡುತ್ತದೆ. ಉಳ್ಳಾಲ, ಮರವಂತೆಯಲ್ಲಿ ಕಡಲು ದಡ ತಿನ್ನುತ್ತದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಭಯಾರಣ್ಯ 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿವೆ. ಅದರ ಅಂಚಿನಲ್ಲೇ ರಸ್ತೆ, ತೋಟ, ರೆಸಾರ್ಟ್, ಕಾಡುಪ್ರಾಣಿ, ಎಲ್ಲದರ ತಿಕ್ಕಾಟ ನಡೆಯುತ್ತಿದೆ.

ಹದಿನೈದು ದಿನ ಸ್ಥಳೀಯ ಪತ್ರಿಕೆ ಓದಿ. ಪರಿಸರಕ್ಕೆ ಸಂಬಂಧಿಸಿದ ಸುದ್ದಿ ಕತ್ತರಿಸಿ ಇಟ್ಟುಕೊಳ್ಳಿ, ಇಲ್ಲಾ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಯಾವ ವಿಷಯದ ಸುದ್ದಿಯನ್ನು ಯಾರೂ ಹೇಳದೆ ಪೂರ್ತಿ ಓದುತ್ತೀರೋ ಅದೇ ನಿಮ್ಮ ವಿಷಯ. ಆಮೇಲೆ ಬದಲಾದರೂ ಪರವಾಗಿಲ್ಲ.

ಹೆಜ್ಜೆ 2: ಈ ಕೆಲಸಕ್ಕೆ ಸಂಬಳ ಕೊಡುವವರು ಯಾರು ಅಂತ ತಿಳಿಯಿರಿ

ಹೆಚ್ಚಿನ ಮಾರ್ಗದರ್ಶಕರು ಇದನ್ನು ಹೇಳುವುದೇ ಇಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪರಿಸರ ಕ್ಷೇತ್ರದಲ್ಲಿ ಸಂಬಳದ ಕೆಲಸ ಬಹುಪಾಲು ಹುಟ್ಟುವುದು ಕಾನೂನಿನಿಂದ.

1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, ಇವು ಮೂರು ಅಡಿಪಾಯ. ಹೊಗೆ ಬಿಡುವ, ಕೊಳಚೆ ನೀರು ಬಿಡುವ ಕಾರ್ಖಾನೆ ಶುರು ಮಾಡಲು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು, ನಡೆಸಲು ಮತ್ತೆ ಒಪ್ಪಿಗೆ ಬೇಕು. ನೀರು, ಹೊಗೆ ಪರೀಕ್ಷೆ ಮಾಡಿಸಬೇಕು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಫಾರ್ಮ್ 5ರಲ್ಲಿ ಪರಿಸರ ವಿವರಣೆ ಸಲ್ಲಿಸಬೇಕು. ಇದನ್ನೆಲ್ಲ ಮಾಡಲು ಕಾರ್ಖಾನೆಗೆ ಜನ ಬೇಕು. ಪರೀಕ್ಷೆ ಮಾಡುವ ಲ್ಯಾಬಿಗೂ ಜನ ಬೇಕು. ಪರಿಶೀಲಿಸುವ ಮಂಡಳಿಗೂ ಬೇಕು. ಒಂದು ಕಾನೂನಿನಿಂದ ಮೂರು ಕಡೆ ಕೆಲಸ.

2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಇನ್ನೊಂದು ಬಾಗಿಲು. ದೊಡ್ಡ ಯೋಜನೆಗಳು ಶುರುವಾಗುವ ಮೊದಲು ಆ ಜಾಗದ ಗಾಳಿ, ನೀರು, ಮಣ್ಣು, ಗಿಡ, ಪ್ರಾಣಿ, ಜನಜೀವನದ ಅಧ್ಯಯನ ಆಗಬೇಕು. ಹಲವು ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಸಭೆಯೂ ಆಗಬೇಕು. ಈ ಅಧ್ಯಯನ ಮಾಡುವುದು ಮಾನ್ಯತೆ ಪಡೆದ ಸಲಹಾ ಸಂಸ್ಥೆಗಳು. ಹೊಸಬರಿಗೆ ಅಲ್ಲಿ ಮೊದಲು ಸಿಗುವುದು ಫೀಲ್ಡ್ ಕೆಲಸ: ಮಾದರಿ ತೆಗೆಯುವುದು, ಉಪಕರಣ ಇಡುವುದು, ಮನೆಮನೆ ಸಮೀಕ್ಷೆ. ಕಷ್ಟದ ಕೆಲಸ, ನಿಜ. ಆದರೆ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ.

ಈಗಲೇ ಮಾಡಬಹುದಾದ ಒಂದು ಕೆಲಸ ಇದೆ. ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ಗೆ ಹೋಗಿ. ನಮ್ಮ ಜಿಲ್ಲೆಗಳ ಯಾವುದಾದರೂ ಯೋಜನೆಯ ಅಧ್ಯಯನ ವರದಿ ಡೌನ್‌ಲೋಡ್ ಮಾಡಿ. ನೂರಾರು ಪುಟ ಇರುತ್ತದೆ, ಹೆದರಬೇಡಿ. ವರದಿ ತಯಾರಿಸಿದ ತಜ್ಞರ ಪಟ್ಟಿ ಇರುವ ಪುಟ ಹುಡುಕಿ. ವಾಯು ಮಾಲಿನ್ಯ, ಜಲ ಮಾಲಿನ್ಯ, ಶಬ್ದ, ಜೀವವೈವಿಧ್ಯ, ಅಂತರ್ಜಲ, ಭೂಬಳಕೆ, ಸಾಮಾಜಿಕ–ಆರ್ಥಿಕ, ಅಪಾಯ ನಿರ್ವಹಣೆ, ಹೀಗೆ ಒಂದೊಂದಕ್ಕೂ ಒಬ್ಬೊಬ್ಬರು ಇರುತ್ತಾರೆ. ಆ ಪುಟವೇ ನಿಮಗೆ ಉದ್ಯೋಗಗಳ ಪಟ್ಟಿ.

ಮೂರನೆಯದು ಕಂಪನಿಗಳ ವರದಿ. ಷೇರುಪೇಟೆಯಲ್ಲಿರುವ, ಮಾರುಕಟ್ಟೆ ಮೌಲ್ಯದಲ್ಲಿ ಮುಂದಿರುವ 1,000 ಕಂಪನಿಗಳು 2022–23ರಿಂದ ಸುಸ್ಥಿರತೆಯ ವರದಿ ಕೊಡುವುದನ್ನು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿದೆ. ಅದರ ಹೆಸರು ಬಿಆರ್‌ಎಸ್‌ಆರ್. ಎಷ್ಟು ವಿದ್ಯುತ್, ಎಷ್ಟು ನೀರು, ಎಷ್ಟು ಕಸ, ಎಷ್ಟು ಇಂಗಾಲ, ಎಲ್ಲ ಅಂಕಿಗಳಲ್ಲಿ ಹೇಳಬೇಕು. ಬಿಕಾಂ, ಬಿಬಿಎ ಓದುವವರಿಗೆ ಇದು ದೊಡ್ಡ ಅವಕಾಶ. ಎಂಆರ್‌ಪಿಎಲ್ ಮತ್ತು ಕರ್ನಾಟಕ ಬ್ಯಾಂಕ್ ಎರಡೂ ಮಂಗಳೂರಿನವೇ. ಎರಡರ ವರದಿಯಲ್ಲೂ ಆರನೇ ತತ್ವದ (ಪ್ರಿನ್ಸಿಪಲ್ 6) ಭಾಗ ತೆರೆದು ಅಕ್ಕಪಕ್ಕ ಇಟ್ಟು ಓದಿ. ಪರಿಸರದ ಪ್ರಶ್ನೆಗಳು ಇರುವುದು ಅಲ್ಲೇ. ರಿಫೈನರಿಗೂ ಬ್ಯಾಂಕಿಗೂ ಅದೇ ಪ್ರಶ್ನೆ, ಉತ್ತರ ಮಾತ್ರ ಪೂರ್ತಿ ಬೇರೆ. ಯಾಕೆ ಬೇರೆ ಅಂತ ಒಂದು ಪುಟದಲ್ಲಿ ಬರೆಯಲು ಬಂದರೆ ಸಂದರ್ಶನಕ್ಕೆ ಅರ್ಧ ತಯಾರಿ ಆದಂತೆ.

ನಾಲ್ಕನೆಯದು ಕಸ. 2016ರ ಘನತ್ಯಾಜ್ಯ ನಿಯಮಗಳು ಬಂದ ಮೇಲೆ ಪಂಚಾಯತಿಗಳೂ ಈ ಕೆಲಸಕ್ಕೆ ಇಳಿದವು. ಕುಂದಾಪುರ ಕಡೆಯ ವಂಡ್ಸೆ ಪಂಚಾಯತಿನ ಘಟಕ ನೋಡಲು ದೂರದಿಂದ ಜನ ಬರುತ್ತಾರೆ. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯತಿಗಳ ಒಣ ಕಸ ಒಟ್ಟುಮಾಡಿ ವಿಂಗಡಿಸುವ ದೊಡ್ಡ ಘಟಕ ಇದೆ. ಇಲ್ಲಿ ಮೇಲ್ವಿಚಾರಣೆ, ಲೆಕ್ಕಪತ್ರ, ಸಾಗಾಟ, ಮಾರಾಟ, ಎಲ್ಲಕ್ಕೂ ಓದಿದವರು ಬೇಕು. ಓದಿದವರು ಬರಲು ಹಿಂಜರಿಯುತ್ತಾರೆ. ನೀವು ಹಿಂಜರಿಯಬೇಡಿ.

ಸೌರಶಕ್ತಿಯೂ ಹೀಗೆಯೇ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆ ಚಾವಣಿಯ 3 ಕಿಲೋವಾಟ್ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನ ಇದೆ. ವಿನ್ಯಾಸ, ಜೋಡಣೆ, ಸಾಲದ ಕಾಗದಪತ್ರ, ಗ್ರಾಹಕರ ಜೊತೆ ಮಾತು, ಎಲ್ಲ ಕೆಲಸವೂ ಊರಲ್ಲೇ ಆಗಬೇಕು. ಮಣಿಪಾಲದ ಭಾರತೀಯ ವಿಕಾಸ ಟ್ರಸ್ಟ್ ಹಲವು ವರ್ಷಗಳಿಂದ ನವೀಕರಿಸಬಹುದಾದ ಇಂಧನದ ತರಬೇತಿ ಕೊಡುತ್ತಾ ಬಂದಿದೆ.

ಇನ್ನು ಗಲ್ಫ್. ನಮ್ಮಲ್ಲಿ ಪ್ರತಿ ಓಣಿಯಲ್ಲೂ ಗಲ್ಫಿಗೆ ಹೋದವರು ಇದ್ದಾರೆ. ಅಲ್ಲಿ ಆರೋಗ್ಯ, ಸುರಕ್ಷತೆ, ಪರಿಸರ ಮೂರೂ ಸೇರಿದ ಎಚ್‌ಎಸ್‌ಇ ಹುದ್ದೆಗೆ ಬೇಡಿಕೆ ಇದೆ. ಆದರೆ ಅದರಲ್ಲಿ ಸುರಕ್ಷತೆಯ ಪಾಲೇ ಜಾಸ್ತಿ ಅನ್ನುವುದು ಗೊತ್ತಿರಲಿ.

ಹೆಜ್ಜೆ 3: ನಿಮ್ಮ ಪದವಿಯನ್ನು ಬಿಡದೆ ದಾರಿ ಹುಡುಕಿ

ಪರಿಸರಕ್ಕೆ ಬರಬೇಕೆಂದು ಓದುತ್ತಿರುವ ಕೋರ್ಸ್ ಬಿಡುವ ಅಗತ್ಯ ಇಲ್ಲ. ಬಿಎಸ್ಸಿಯವರಿಗೆ ಲ್ಯಾಬ್, ಜೀವವೈವಿಧ್ಯ, ಸಂಶೋಧನೆ ಇದೆ. ಎಂಜಿನಿಯರಿಂಗ್‌ನವರಿಗೆ ನೀರು ಶುದ್ಧೀಕರಣ, ಇಂಧನ, ಕರಾವಳಿ ರಕ್ಷಣೆ ಇದೆ. ಬಿಸಿಎಯವರಿಗೆ ನಕ್ಷೆ ಮತ್ತು ಉಪಗ್ರಹ ದತ್ತಾಂಶದ ಕೆಲಸ ಇದೆ. ಬಿಎಸ್‌ಡಬ್ಲ್ಯುನವರಿಗೆ ಸಾಮಾಜಿಕ ಅಧ್ಯಯನ, ಪಂಚಾಯತಿನ ಜೊತೆಗಿನ ಕೆಲಸ ಇದೆ.

ಕಾನೂನು ಓದುವವರ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2010ರಲ್ಲಿ ಶುರುವಾಯಿತು. ನಮಗೆ ಸೇರುವ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಕರಾವಳಿ ನಿಯಂತ್ರಣ ವಲಯದ 2011 ಮತ್ತು 2019ರ ಅಧಿಸೂಚನೆಗಳು ನಮ್ಮ ಕಡಲ ದಂಡೆಯ ಮನೆ, ಹೋಟೆಲ್, ಜೆಟ್ಟಿ ಎಲ್ಲಕ್ಕೂ ತಾಗುತ್ತವೆ. ಇದನ್ನು ಸರಿಯಾಗಿ ಓದಿಕೊಂಡು ಮೀನುಗಾರರಿಗೆ ತುಳುವಿನಲ್ಲಿ ವಿವರಿಸಬಲ್ಲ ವಕೀಲರು ಈ ಕರಾವಳಿಗೆ ಬೇಕಾಗಿದ್ದಾರೆ.

ಪಿಯುಸಿ ಮುಗಿಸಿದ ತಮ್ಮ, ತಂಗಿ ಇದ್ದರೆ ಅವರಿಗೆ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಬಿಎಫ್‌ಎಸ್ಸಿ, ಪೊನ್ನಂಪೇಟೆ ಅಥವಾ ಶಿರಸಿಯ ಅರಣ್ಯ ಕಾಲೇಜಿನ ಬಿಎಸ್ಸಿ ಫಾರೆಸ್ಟ್ರಿ ಬಗ್ಗೆ ತಿಳಿಸಿ. 1969ರಿಂದ ಕಂಕನಾಡಿಯ ಹತ್ತಿರ ಮೀನುಗಾರಿಕಾ ಕಾಲೇಜು ಇದ್ದರೂ ಊರಿನ ಎಷ್ಟೋ ಮಕ್ಕಳಿಗೆ ಅದು ಗೊತ್ತಿಲ್ಲ.

ಹೆಜ್ಜೆ 4: ಒಂದು ಸಣ್ಣ ಕೆಲಸ ಪೂರ್ತಿ ಮಾಡಿ

ಪ್ರಮಾಣಪತ್ರ ಗುಡ್ಡೆ ಹಾಕುವುದಕ್ಕಿಂತ ಪೂರ್ತಿ ಮಾಡಿದ ಒಂದೇ ಒಂದು ಕೆಲಸ ಸಾಕು. ಬೀಚ್ ಸ್ವಚ್ಛತೆಗೆ ಹೋಗಿ ಫೋಟೋ ತೆಗೆಸಿಕೊಂಡವರು ಸಾವಿರ ಜನ ಇದ್ದಾರೆ. ಅಲ್ಲಿ ಸಿಕ್ಕ ಕಸವನ್ನು ಬಗೆ ಬಗೆಯಾಗಿ ತೂಗಿ ಬರೆದಿಟ್ಟವರು ತುಂಬ ಕಡಿಮೆ. ನೀವು ಆ ಕಡಿಮೆಯವರಲ್ಲಿ ಒಬ್ಬರಾಗಿ.

ಉದಾಹರಣೆಗೆ, ಕಾಲೇಜು ಕ್ಯಾಂಟೀನ್ ಅಥವಾ ಹಾಸ್ಟೆಲಿನ ಕಸದ ಲೆಕ್ಕ ಮಾಡಿ. ದುಬಾರಿ ಉಪಕರಣ ಬೇಡ. ಹೀಗೆ ಮಾಡಿ:

1. ಪ್ರಾಂಶುಪಾಲರಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಕ್ಯಾಂಟೀನಿನವರಿಗೂ, ಕಸ ಎತ್ತುವ ಅಕ್ಕಂದಿರಿಗೂ ಮೊದಲೇ ಹೇಳಿ. ಅವರು ಜೊತೆಗಿಲ್ಲದೆ ಈ ಕೆಲಸ ನಡೆಯುವುದಿಲ್ಲ.

2. ದಪ್ಪ ಕೈಗವಸು, ಮಾಸ್ಕ್, ಟಾರ್ಪಾಲ್, ತೂಕದ ಯಂತ್ರ, ನೋಟ್‌ಬುಕ್ ಇಟ್ಟುಕೊಳ್ಳಿ.

3. ಒಂದು ವಾರ ಪೂರ್ತಿ, ದಿನವೂ ಒಂದೇ ಹೊತ್ತಿಗೆ ವಿಂಗಡಿಸಿ ತೂಗಿ. ಹಸಿ ಕಸ, ಕಾಗದ, ಗುಜರಿಯವರು ಕೊಳ್ಳುವ ಪ್ಲಾಸ್ಟಿಕ್, ಚಿಪ್ಸ್ ಪ್ಯಾಕೆಟಿನಂಥ ಯಾರೂ ಕೊಳ್ಳದ ಪ್ಲಾಸ್ಟಿಕ್, ಗಾಜು ಮತ್ತು ಲೋಹ, ಹೀಗೆ ವಿಭಾಗ ಮಾಡಿ. ಸ್ಯಾನಿಟರಿ ಕಸ ತೆರೆಯಬೇಡಿ, ಚೀಲದ ಸಮೇತ ತೂಗಿ.

4. ಆ ದಿನ ಎಷ್ಟು ಜನ ಊಟ ಮಾಡಿದರು ಅಂತ ಕೇಳಿ ಬರೆದುಕೊಳ್ಳಿ. ತಲೆಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ ಅದರಿಂದಲೇ ಬರುವುದು.

5. ಕಸ ಕ್ಯಾಂಪಸ್ಸಿನಿಂದ ಹೊರಗೆ ಹೋದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಗಾಡಿಯವರನ್ನು ಕೇಳಿ. ಸಾಧ್ಯವಾದರೆ ಹಿಂದೆಯೇ ಹೋಗಿ ನೋಡಿ.

6. ನಾಲ್ಕು ಪುಟದ ವರದಿ ಬರೆಯಿರಿ. ಕೊನೆಗೆ ಒಂದೇ ಸಲಹೆ ಕೊಡಿ. ಅದು ಜಾರಿಯಾದ ಒಂದು ತಿಂಗಳ ಮೇಲೆ ಮತ್ತೆ ಒಂದು ವಾರ ತೂಗಿ.

ಎಲ್ಲರೂ ಬಿಡುವುದು ಆರನೆಯದನ್ನೇ. ಎರಡನೇ ಸಲ ತೂಗಿದಾಗ ಮಾತ್ರ ನಿಮ್ಮ ಸಲಹೆಯಿಂದ ಏನಾದರೂ ಬದಲಾಯಿತೇ ಅಂತ ಗೊತ್ತಾಗುತ್ತದೆ. ಕಸ ಕಡಿಮೆ ಆಗದಿದ್ದರೂ ಬರೆಯಿರಿ. ಯಾಕೆ ಆಗಲಿಲ್ಲ ಅನ್ನುವ ಒಂದು ಪ್ಯಾರಾಗೆ ಕೆಲಸ ಕೊಡುವವರು ತುಂಬ ಬೆಲೆ ಕೊಡುತ್ತಾರೆ.

ಹಕ್ಕಿ, ಗಿಡ ಇಷ್ಟವಿದ್ದವರು ಪ್ರತಿ ಫೆಬ್ರವರಿಯಲ್ಲಿ ನಡೆಯುವ ಕ್ಯಾಂಪಸ್ ಹಕ್ಕಿ ಎಣಿಕೆಗೆ ಸೇರಿ, ಹಕ್ಕಿಗಳ ದಾಖಲೆ ಇಡುವ ಇಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕಿ. ಕಂಪ್ಯೂಟರ್ ಇಷ್ಟವಿದ್ದವರು ಸಸಿಹಿತ್ಲು ಅಥವಾ ಕೋಡಿಬೆಂಗ್ರೆಯ ಅಳಿವೆ ಮಳೆಗಾಲದ ಮೊದಲು, ಆಮೇಲೆ ಹೇಗಿತ್ತು ಅಂತ ಸೆಂಟಿನೆಲ್–2 ಉಪಗ್ರಹದ ಉಚಿತ ಚಿತ್ರಗಳಲ್ಲಿ ಹೋಲಿಸಿ. ಒಂದು ಎಚ್ಚರ ಇರಲಿ: ಆ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಅದಕ್ಕಿಂತ ಸಣ್ಣ ಬದಲಾವಣೆ ಕಾಣಿಸುವುದಿಲ್ಲ. ಭರತ, ಇಳಿತದ ಹೊತ್ತೂ ನೋಡಿಕೊಳ್ಳಬೇಕು. ಇಲ್ಲದಿದ್ದರೆ ನೀರು ಏರಿದ್ದನ್ನೇ ಕಡಲ್ಕೊರೆತ ಅಂತ ಬರೆದುಬಿಡುತ್ತೀರಿ.

ಹೆಜ್ಜೆ 5: ಒಂದು ಕೌಶಲ ಚೆನ್ನಾಗಿ ಕಲಿಯಿರಿ

ಐದು ಕೌಶಲ ಅರ್ಧರ್ಧ ಬೇಡ. ಎಕ್ಸೆಲ್ ಎಲ್ಲರಿಗೂ ಬೇಕು, ಅದು ಬಿಡಿ. ಅದರ ಮೇಲೆ ಒಂದನ್ನು ಆರಿಸಿ.

ನಕ್ಷೆಯ ಕೆಲಸಕ್ಕೆ ಕ್ಯೂಜಿಐಎಸ್ ಅನ್ನುವ ಸಾಫ್ಟ್‌ವೇರ್ ಉಚಿತ. ಡೆಹ್ರಾಡೂನಿನಲ್ಲಿರುವ ಇಸ್ರೋದ ದೂರಸಂವೇದಿ ಸಂಸ್ಥೆ ಆನ್‌ಲೈನ್ ಕೋರ್ಸ್‌ಗಳನ್ನು ಉಚಿತವಾಗಿ ನಡೆಸುತ್ತದೆ. ಆನ್‌ಲೈನ್ ಕಲಿಕೆಯ ಸರ್ಕಾರಿ ತಾಣಗಳಾದ ಸ್ವಯಂ, ಎನ್‌ಪಿಟಿಇಎಲ್‌ನಲ್ಲೂ ಪರಿಸರದ ಕೋರ್ಸ್‌ಗಳಿವೆ. ಕಲಿಯಲು ದುಡ್ಡಿಲ್ಲ, ಪರೀಕ್ಷೆಗೆ ಮಾತ್ರ ಶುಲ್ಕ.

ಲ್ಯಾಬ್ ಕೆಲಸಕ್ಕೆ ಕೈ ಪಳಗಬೇಕು. ನೀರಿನ ಬಿಒಡಿ (ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕ), ಸಿಒಡಿ (ಅದನ್ನೇ ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕ), ಪಿಎಚ್, ಕರಗಿದ ಆಮ್ಲಜನಕ, ಇಷ್ಟನ್ನು ನಿಮ್ಮ ಕೈಯಿಂದಲೇ ಮಾಡಿರಬೇಕು. ಪಠ್ಯಪುಸ್ತಕದಲ್ಲಿ ಬಿಒಡಿ ಅಂದರೆ ಮಾದರಿಯನ್ನು 20 ಡಿಗ್ರಿಯಲ್ಲಿ ಐದು ದಿನ ಇಟ್ಟು ಅಳೆಯುವುದು. ನಮ್ಮ ದೇಶದ ಲ್ಯಾಬುಗಳಲ್ಲಿ 27 ಡಿಗ್ರಿಯಲ್ಲಿ ಮೂರು ದಿನದ ಪದ್ಧತಿ ಬಳಕೆಯಲ್ಲಿದೆ. ಇಂಥ ವಿವರ ಗೊತ್ತಿದ್ದರೆ ಲ್ಯಾಬಿನವರು ನಿಮ್ಮನ್ನು ನೋಡುವ ರೀತಿಯೇ ಬದಲಾಗುತ್ತದೆ.

ಭಾಷೆಯನ್ನೂ ಕೌಶಲ ಅಂತ ಬಯೋಡೇಟಾದಲ್ಲಿ ಬರೆಯಿರಿ. ತುಳು, ಬ್ಯಾರಿ, ಕೊಂಕಣಿ, ಕುಂದಾಪುರ ಕನ್ನಡ, ಬರುವುದನ್ನೆಲ್ಲ ಬರೆಯಿರಿ. ಮಲ್ಪೆಯ ಬಂದರಿನಲ್ಲಿ ಮೀನುಗಾರರ ಸಮೀಕ್ಷೆ ಮಾಡುವ ಸಂಸ್ಥೆಗೆ ಇದು ಸಾಫ್ಟ್‌ವೇರ್‌ಗಿಂತ ದೊಡ್ಡದು.

ಹೆಜ್ಜೆ 6: ಇಂಟರ್ನ್‌ಶಿಪ್ ಕೇಳಿ

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ನೀರು ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಇದೆ. ಮಂಗಳೂರಿನಲ್ಲಿ ಕಡಲ ಮೀನುಗಾರಿಕೆ ಸಂಶೋಧನೆಯ ಸಿಎಂಎಫ್‌ಆರ್‌ಐ ಕೇಂದ್ರ, ಕಾಸರಗೋಡಿನಲ್ಲಿ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ವಾಮಂಜೂರಿನಲ್ಲಿ ಪಿಲಿಕುಳ, ಘಟ್ಟ ಹತ್ತಿದರೆ 2005ರಲ್ಲಿ ಶುರುವಾದ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ.

ಪತ್ರ ಚಿಕ್ಕದಿರಲಿ. ‘ನನಗೆ ಪರಿಸರ ಅಂದರೆ ತುಂಬ ಇಷ್ಟ’ ಅಂತ ಬರೆಯಬೇಡಿ, ಎಲ್ಲರೂ ಅದನ್ನೇ ಬರೆಯುತ್ತಾರೆ. ಅವರ ಯಾವ ಕೆಲಸ ಓದಿದಿರಿ, ಅದರಲ್ಲಿ ನಿಮಗೆ ಎದ್ದ ಒಂದು ಪ್ರಶ್ನೆ ಏನು, ನಿಮಗೆ ಬರುವ ಕೌಶಲ ಯಾವುದು, ಯಾವ ದಿನದಿಂದ ಯಾವ ದಿನದವರೆಗೆ ಬರಬಲ್ಲಿರಿ, ಇಷ್ಟು ಸಾಕು. ನಾಲ್ಕು ಪುಟದ ವರದಿ ಜೊತೆಗೆ ಕಳಿಸಿ. ಉತ್ತರ ಬರದಿದ್ದರೆ ಎರಡು ವಾರದ ಮೇಲೆ ಒಮ್ಮೆ ವಿನಯದಿಂದ ನೆನಪಿಸಿ. ಬೇಸಿಗೆ ರಜೆಗೆ ಬೇಕಿದ್ದರೆ ಜನವರಿಯಲ್ಲೇ ಬರೆಯಿರಿ. ಟ್ರಾಲ್ ದೋಣಿಗಳ ಮೀನುಗಾರಿಕೆ ಬಗ್ಗೆ ಕಲಿಯಬೇಕಿದ್ದರೆ ಜೂನ್, ಜುಲೈ ಬೇಡ, ಆಗ ನಿಷೇಧ ಇರುತ್ತದೆ. ಆದರೆ ಬಲೆ, ದೋಣಿ ದುರಸ್ತಿ ಮಾಡುತ್ತಾ ಮೀನುಗಾರರು ದಡದಲ್ಲೇ ಇರುವುದರಿಂದ, ಕೂತು ಮಾತಾಡಲು ಅದೇ ಒಳ್ಳೆಯ ಸಮಯ.

ಹೆಜ್ಜೆ 7: ಮುಂದೆ ಓದುವುದೋ, ಕೆಲಸಕ್ಕೆ ಸೇರುವುದೋ?

ಸಂಶೋಧನೆ, ವನ್ಯಜೀವಿ, ಸರ್ಕಾರಿ ವೈಜ್ಞಾನಿಕ ಹುದ್ದೆ ಬೇಕಿದ್ದರೆ ಹೆಚ್ಚಾಗಿ ಸ್ನಾತಕೋತ್ತರ ಪದವಿ ಬೇಕಾಗುತ್ತದೆ. ಕಾರ್ಖಾನೆ, ಸೋಲಾರ್, ಕಸ ನಿರ್ವಹಣೆಗೆ ಪದವಿ ಮುಗಿದ ಕೂಡಲೇ ಸೇರಬಹುದು. ಗೊಂದಲ ಇದ್ದರೆ ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಓದುವುದೇ ಮೇಲು ಅಂತ ನನಗೆ ಅನಿಸುತ್ತದೆ.

ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೇ ಒಂದು ಪತ್ರಿಕೆ ಇದೆ. ಜೀವಪರಿಸರ ಮತ್ತು ವಿಕಾಸಕ್ಕೂ ಬೇರೆ ಪತ್ರಿಕೆ ಇದೆ. ವನ್ಯಜೀವಿ ಓದಲು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಹೆಸರಾದವು. ಎನ್‌ಸಿಬಿಎಸ್‌ನಲ್ಲಿ ಪ್ರತಿ ವರ್ಷ ಪ್ರವೇಶ ಇರುವುದಿಲ್ಲ, ಮೊದಲೇ ನೋಡಿಕೊಳ್ಳಿ. ನೆಟ್ ಪರೀಕ್ಷೆ ಪಾಸಾಗಿ ಜೆಆರ್‌ಎಫ್ ಅನ್ನುವ ಸಂಶೋಧನಾ ಶಿಷ್ಯವೇತನ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಅದರ ಮೇಲೆ ಮನೆಬಾಡಿಗೆ ಭತ್ಯೆ.

ಭಾರತೀಯ ಅರಣ್ಯ ಸೇವೆಯ ಕನಸಿದ್ದವರು ಅರ್ಹತೆಯನ್ನು ಮೊದಲ ವರ್ಷದಲ್ಲೇ ನೋಡಿ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಭೂವಿಜ್ಞಾನ, ಸಂಖ್ಯಾಶಾಸ್ತ್ರ, ಪಶುವೈದ್ಯಕೀಯ ಇವುಗಳಲ್ಲಿ ಒಂದಾದರೂ ಪದವಿಯಲ್ಲಿ ಇರಬೇಕು, ಇಲ್ಲವೇ ಕೃಷಿ, ಅರಣ್ಯ, ಎಂಜಿನಿಯರಿಂಗ್ ಪದವಿ ಇರಬೇಕು. ಸಾಮಾನ್ಯ ಬಿಎ, ಬಿಕಾಂ ಆದವರಿಗೆ ಆ ಬಾಗಿಲು ತೆರೆದಿಲ್ಲ. ಅಂತಿಮ ವರ್ಷದಲ್ಲಿ ಇದು ಗೊತ್ತಾಗಿ ಬೇಸರಪಡುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ.

ಹೆಜ್ಜೆ 8: ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ಮನೆಯವರು ‘ಇದರಲ್ಲಿ ಸಂಬಳ ಉಂಟಾ?’ ಅಂತ ಕೇಳಿಯೇ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಎರಡನೇ ಹೆಜ್ಜೆಯ ಪಟ್ಟಿ ತೋರಿಸಿ ಮಾತಾಡಿ. ಸಂಸ್ಥೆಗಳ ಹೆಸರು, ಹುದ್ದೆಯ ಹೆಸರು ಕಂಡರೆ ಅಪ್ಪ ಅಮ್ಮನಿಗೂ ಧೈರ್ಯ ಬರುತ್ತದೆ. ಸ್ವಯಂಸೇವಾ ಸಂಸ್ಥೆಗಳಲ್ಲಿ, ಸಂಶೋಧನಾ ಯೋಜನೆಗಳಲ್ಲಿ ಕೆಲಸ ಹೆಚ್ಚಾಗಿ ಗುತ್ತಿಗೆಯದ್ದು, ಯೋಜನೆಯ ಹಣ ಮುಗಿದಾಗ ಹುದ್ದೆಯೂ ಮುಗಿಯುತ್ತದೆ. ಇದನ್ನು ಮುಚ್ಚಿಡಬೇಡಿ.

ಫೀಲ್ಡ್ ಕೆಲಸವಾದರೆ ಕೆಲವು ವಿಷಯ ಬರಹದಲ್ಲಿ ಕೇಳಿ. ಅವಧಿ ಎಷ್ಟು ತಿಂಗಳು? ಓಡಾಟದ ಖರ್ಚು ಯಾರದು? ವಿಮೆ ಇದೆಯೇ? ಉಳಿಯಲು ಜಾಗ ಎಲ್ಲಿ, ಶೌಚಾಲಯ ಇದೆಯೇ, ಕಾಡಿಗೆ ಹೋಗುವಾಗ ಜೊತೆಗೆ ಯಾರು? ಮಳೆಗಾಲದಲ್ಲಿ ಘಟ್ಟದ ಕೆಲಸವಾದರೆ ಹಾವು ಕಡಿತಕ್ಕೆ ಹತ್ತಿರದ ಆಸ್ಪತ್ರೆ ಯಾವುದು? ಹುಡುಗಿಯರು ಮಾತ್ರ ಕೇಳಬೇಕಾದ ಪ್ರಶ್ನೆಗಳಲ್ಲ ಇವು, ಎಲ್ಲರೂ ಕೇಳಬೇಕು. ನೀವು ಸಂಗ್ರಹಿಸಿದ ಮಾಹಿತಿ ಪ್ರಕಟವಾದಾಗ ನಿಮ್ಮ ಹೆಸರು ಇರುತ್ತದೆಯೇ ಅಂತಲೂ ಕೇಳಿ. ಕಾರ್ಖಾನೆಯ ಹುದ್ದೆಯಾದರೆ ಇನ್ನೊಂದು ಪ್ರಶ್ನೆ ಸೇರಿಸಿ: ಪರೀಕ್ಷೆಯ ಫಲಿತಾಂಶ ಮಿತಿ ಮೀರಿ ಬಂದರೆ ನಾನು ಯಾರಿಗೆ ತಿಳಿಸಬೇಕು? ಇದಕ್ಕೆ ನೇರ ಉತ್ತರ ಕೊಡುವ ಜಾಗಕ್ಕೆ ಸೇರಿ.